ತಯಾರಿಕೆ ಅಂತ ಎಲ್ಲಿ ಬರೀಬೇಕು, ಎಲ್ಲಿ ಬರೀಬಾರ್ದು: ಬಳ್ಳಾರಿ, ಕೊಪ್ಪಳ, ರಾಯಚೂರು ಕಡೆ ಸಣ್ಣ ಯೂನಿಟ್ ನಡೆಸೋರಿಗೆ

ಯೂನಿಟ್ ಹಾಕೋರು ಮೊದಲು ಮಶಿನ್ ತರ್ತಾರ, ಆಮ್ಯಾಲ ಕರೆಂಟ್ ಮೀಟರ್, ಅದಾದ ಮ್ಯಾಲ ಬೋರ್ಡು, ಲೇಬಲ್ಲು, ಉದ್ಯಮ್ ರಿಜಿಸ್ಟ್ರೇಶನ್ನು (ಸಣ್ಣ ಉದ್ದಿಮೆಗಳ ಸರ್ಕಾರಿ ನೋಂದಣಿ), ಜಿಎಸ್‌ಟಿ. ಈ ನಾಲ್ಕೂ ಕಡೆ ಒಂದು ಪ್ರಶ್ನೆ ತಪ್ಪದ ಬರ್ತೈತಿ, ನೀವು ತಯಾರಕರೋ, ಮಾರೋರೋ, ಇಲ್ಲಾ ಕೂಲಿಗೆ ಕೆಲಸ ಮಾಡಿಕೊಡೋರೋ ಅಂತ. ಬಹಳ ಮಂದಿ ನಾಲ್ಕೂ ಕಡೆ ಕಣ್ಣು ಮುಚ್ಚಿ ತಯಾರಕರು ಅಂತ ಬರೆಸಿ ಬಿಡ್ತಾರ, ಕೇಳಾಕ ಭಾರೀ ಚಂದ ಇರ್ತೈತಿ ನೋಡ್ರಿ. ಆದ್ರ ಒಬ್ಬನೇ ಮನುಷ್ಯ ಒಂದು ಕಾಗದದಾಗ ತಯಾರಕ, ಇನ್ನೊಂದು ಕಾಗದದಾಗ ಬರೀ ಸೇವೆ ಕೊಡೋನು ಆಗಿರ್ತಾನ, ಎರಡೂ ಖರೇನ. ಇದು ತಿಳೀದ ಹೋದ್ರ ಬಿಲ್ ತಪ್ಪಾಗ್ತೈತಿ, ಲೇಬಲ್ ಮತ್ತೊಮ್ಮೆ ಪ್ರಿಂಟ್ ಹಾಕಿಸಬೇಕಾಗ್ತೈತಿ, ಅದಕ್ಕ ಒಂದೊಂದಾಗಿ ನೋಡೋಣ.

ಮೊದಲು ಮಾತಿನ ಲೆಕ್ಕ ಮುಗಿಸೋಣ. ತಯಾರು ಅನ್ನೋದು ಅರಬ್ಬಿ, ಪಾರಸಿ, ಉರ್ದು ದಾರಿ ಹಿಡಿದು ಬಂದ ಮಾತು, ಕಾರ್ಖಾನೆನೂ ಪಾರಸಿದೇ. ರಾಯಚೂರು, ಕೊಪ್ಪಳ ಕಡೆ 1956ರ ತನಕ ಹೈದರಾಬಾದ್ ಸೀಮೆ ಆಗಿದ್ದರಿಂದ ಇಂಥ ಮಾತು ನಮಗ ಮನಿ ಮಾತೇ, "ರೊಟ್ಟಿ ತಯಾರ್ ಐತಿ, ಕೈ ತೊಳ್ಕೊಂಡು ಬರ್ರಿ" ಅಂತ ಅಂತೀವಲ್ಲ. ಆದ್ರ ತಯಾರಿ ಬೇರೆ, ತಯಾರಿಕೆ ಬೇರೆ. ಪರೀಕ್ಷೆಗೆ ಮಾಡೋದು ತಯಾರಿ, ಮದುವೆಗೆ ಮಾಡೋದು ತಯಾರಿ, ಜಾತ್ರಿಗೆ ಮಾಡೋದೂ ತಯಾರಿ. ಒಂದು ಸಾಮಾನು ಹುಟ್ಟಿಸೋದು ತಯಾರಿಕೆ. ಪ್ಯಾಕೆಟ್ ಮ್ಯಾಲ "ತಯಾರಿ ದಿನಾಂಕ" ಅಂತ ಪ್ರಿಂಟ್ ಹಾಕಿದ್ದು ಎಷ್ಟೋ ಕಡೆ ಕಾಣ್ತೈತಿ, ಅದು "ತಯಾರಿಸಿದ ದಿನಾಂಕ" ಇಲ್ಲಾ "ತಯಾರಿಕಾ ದಿನಾಂಕ" ಆಗಬೇಕು. ಹಂಗೇ "ಇಲ್ಲಿ ಚಟ್ನಿಪುಡಿ ತಯಾರಿಕೆ ಮಾಡಲಾಗುತ್ತದೆ" ಅಂತ ಮಾರುದ್ದ ಬರೆಸೋದು ಬ್ಯಾಡ, ಪೇಂಟರ್ ಅಕ್ಷರಕ್ಕ ಇಷ್ಟು ಅಂತ ತಗೊಳ್ಳೋನಾದ್ರ ಅಂತೂ ಬ್ಯಾಡೇ ಬ್ಯಾಡ, "ಚಟ್ನಿಪುಡಿ ತಯಾರಕರು" ಸಾಕು.

ಉತ್ಪಾದನೆ ಅನ್ನೋದು ಎಲ್ಲಿ ಬರ್ತೈತಿ ಅಂದ್ರ ಅಳತಿ ದೊಡ್ಡದಾಗಿ ಮಾತಾಡುವಾಗ. ಶಕ್ತಿನಗರದಾಗ ಆಗೋದು ವಿದ್ಯುತ್ ಉತ್ಪಾದನೆ, ಯಾರೂ ಕರೆಂಟ್ ತಯಾರಿಕೆ ಅಂತ ಬರೆಯಲ್ಲ. ಹಟ್ಟಿಯಾಗ ಚಿನ್ನದ ಉತ್ಪಾದನೆ, ತೋರಣಗಲ್ಲಿನಾಗ ಉಕ್ಕಿನ ಉತ್ಪಾದನೆ. ಹಾಲಂತೂ ಕೇಳೋದೇ ಬ್ಯಾಡ, ಹಳ್ಳಿ ಹಳ್ಳಿಯಾಗ ಹಾಲು ಉತ್ಪಾದಕರ ಸಹಕಾರ ಸಂಘ ಅಂತ ಬೋರ್ಡ್ ಐತಿ, ರಾಬಕೊವಿ (ರಾಯಚೂರು, ಬಳ್ಳಾರಿ, ಕೊಪ್ಪಳ, ವಿಜಯನಗರ) ಒಕ್ಕೂಟಕ್ಕ ಹಾಲು ಹಾಕೋ ರೈತ ಉತ್ಪಾದಕ, ಆದ್ರ ಅದೇ ಹಾಲಿನಾಗ ಪೇಡಾ ಮಾಡಿದ್ರ ಅದು ಪೇಡಾ ತಯಾರಿಕೆ. ನಾನು ಹಿಡಿದಿರೋ ಲೆಕ್ಕ ಏನಂದ್ರ, ಎಷ್ಟು ಟನ್, ಎಷ್ಟು ಲೀಟರ್, ಎಷ್ಟು ಯೂನಿಟ್ ಅಂತ ಕೇಳೋ ಹಂಗಿದ್ರ ಉತ್ಪಾದನೆ, ಏನು ಮಾಡ್ತೀರಿ ಹೆಂಗ ಮಾಡ್ತೀರಿ ಅಂತ ಕೇಳೋ ಹಂಗಿದ್ರ ತಯಾರಿಕೆ. ಉಕ್ಕು ಉತ್ಪಾದನೆ, ಅದೇ ಉಕ್ಕಿನ ಬೀರು ತಯಾರಿಕೆ. ಜೀನ್ಸ್ ಯೂನಿಟ್‌ನಾಗನೂ "ಇವತ್ತಿನ ಉತ್ಪಾದನೆ ಎಷ್ಟು" ಅಂದ್ರ ತಪ್ಪಲ್ಲ, ಅಲ್ಲಿ ಕೇಳ್ತಿರೋದು ಪೀಸ್ ಲೆಕ್ಕ. ಮತ್ತ ಉತ್ಪಾದನೆಗೆ ಮಹಾಪ್ರಾಣ ಹಚ್ಚಿ ಉತ್ಪಾಧನೆ ಅಂತ ಬರೀಬ್ಯಾಡ್ರಿ, ಲೆಟರ್‌ಹೆಡ್ ಮ್ಯಾಲೇ ನೋಡೀನಿ ಅದನ್ನ.

ನಿರ್ಮಾಣ ಅನ್ನೋದು ಮನಿಗೆ, ರಸ್ತೆಗೆ, ಡ್ಯಾಮಿಗೆ, ಸಿನಿಮಾಕ್ಕ. ಮೊಬೈಲ್‌ನಾಗ ಟ್ರಾನ್ಸ್‌ಲೇಟ್ ಮಾಡಿ ಲೇಬಲ್ ಬರೆಸೋರ ಕೈಯಾಗ ಉಪ್ಪಿನಕಾಯಿಗೆ ಒಬ್ಬರು ನಿರ್ಮಾಪಕರು ಸಿಕ್ಕಿಬಿಡ್ತಾರ, ಓದಿದೋರು ಹೀರೋ ಯಾರು ಅಂತ ಕೇಳ್ತಾರ.

ಇನ್ನ ಅಸಲು ವಿಷಯ. ಯಾವುದನ್ನ ತಯಾರಿಕೆ ಅನ್ನಬಹುದು? ಜಿಎಸ್‌ಟಿ ಕಾನೂನು 2017ರಾಗ ಸೆಕ್ಷನ್ 2(72) ಅಂತ ಐತಿ, ಅದರ ಸಾರ ಇಷ್ಟು: ಕಚ್ಚಾ ಮಾಲನ್ನ ಯಾವುದೇ ರೀತಿ ಸಂಸ್ಕರಣೆ ಮಾಡಿದಾಗ ಹೊಸ ವಸ್ತು ಹುಟ್ಟಬೇಕು, ಆ ಹೊಸ ವಸ್ತುಗೆ ಬೇರೆ ಹೆಸರು, ಬೇರೆ ಗುಣ, ಬೇರೆ ಉಪಯೋಗ ಇರಬೇಕು. ಮೂರನ್ನೂ ಕೇಳ್ರಿ. ಒಳಗ ಬಂದ ಮಾಲಿನ ಹೆಸರೇನು, ಹೊರಗ ಹೋಗೋದರ ಹೆಸರೇನು? ಪ್ಯಾಟ್ಯಾಗ ಎರಡನ್ನೂ ಒಂದೇ ಮಾಲು ಅಂತ ಕೊಳ್ತಾರೋ ಬೇರೆ ಬೇರೆ ಅಂತ ಕೊಳ್ತಾರೋ? ಒಂದರ ಬದಲಿ ಇನ್ನೊಂದು ಉಪಯೋಗಕ್ಕ ಬರ್ತೈತೋ ಇಲ್ಲೋ?

ಗಂಗಾವತಿ ರೈಸ್ ಮಿಲ್ ತಗೊಳ್ರಿ. ಭತ್ತ ಒಳಗ ಹೋಗ್ತೈತಿ, ಅಕ್ಕಿ, ನುಚ್ಚು, ತೌಡು, ಹೊಟ್ಟು ಅಂತ ನಾಲ್ಕು ಹೆಸರಾಗಿ ಹೊರಗ ಬರ್ತೈತಿ. ಬರೀ ಸಿಪ್ಪಿ ತೆಗೆದಿದ್ದಲ್ಲಾ, ಇದೇನು ತಯಾರಿಕೆ ಅಂತ ಕೇಳೋರು ಅದಾರ. ಇದೇ ಜಗಳ ಹರಿಯಾಣದ ಸೇಲ್ಸ್ ಟ್ಯಾಕ್ಸ್ ಕೇಸಿನಾಗ ಸುಪ್ರೀಂ ಕೋರ್ಟ್ ತನಕ ಹೋಗಿತ್ತು, 1973ರಾಗ ಕೋರ್ಟು ಭತ್ತ ಬೇರೆ ಅಕ್ಕಿ ಬೇರೆ, ಸಿಪ್ಪಿ ಬಿಡಿಸಿದ ಮ್ಯಾಲ ಅದರ ಗುರುತೇ ಬದಲಾಗ್ತೈತಿ ಅಂತ ಹೇಳ್ತು. ನಮ್ಮ ಕಡೆ ಹೆಣ್ಮಕ್ಕಳಿಗೆ ಕೇಳಿದ್ರೂ ಇದನ್ನೇ ಹೇಳ್ತಿದ್ರು, ಅದಿರ್ಲಿ. ರಾಯಚೂರು ಹತ್ತಿ ಜಿನ್ನಿಂಗ್‌ಗೂ ಹಂಗೇ, 1969ರ ತೀರ್ಪಿನಾಗ ಬೀಜ ಬಿಡಿಸಿದ ಅರಳೆ ಒಂದು, ಹತ್ತಿಬೀಜ ಇನ್ನೊಂದು, ಜಿನ್ನಿಂಗ್ ಅನ್ನೋದು ತಯಾರಿಕೆ ಕೆಲಸನೇ ಅಂತ ಆಯ್ತು.

ಉಲ್ಟಾ ಆದ ಕೇಸೂ ಐತಿ. ಅನಾನಸ್ ಹಣ್ಣು ಸಿಪ್ಪಿ ತೆಗೆದು, ಹೋಳು ಮಾಡಿ, ಸಕ್ಕರೆ ಹಾಕಿ ಡಬ್ಬಿಯಾಗ ತುಂಬಿದ್ದಕ್ಕ 1980ರಾಗ ಕೋರ್ಟು ಇದು ಇನ್ನೂ ಅನಾನಸ್ಸೇ, ಹೊಸ ವಸ್ತು ಏನೂ ಹುಟ್ಟಿಲ್ಲ ಅಂತು. ಅದಿರು ವಿಷಯದಾಗನೂ ಒಂದು ತೀರ್ಪು ಐತಿ, ಬೇರೆ ಬೇರೆ ಗ್ರೇಡಿನ ಅದಿರು ಮಿಕ್ಸ್ ಮಾಡಿ ಹಡಗಿಗೆ ತುಂಬೋದು ಸಂಸ್ಕರಣೆ ಹೌದು, ತಯಾರಿಕೆ ಅಲ್ಲ, ಯಾಕಂದ್ರ ಮಿಕ್ಸ್ ಆದ ಮ್ಯಾಲನೂ ಅದು ಅದಿರೇ. ಇವೆಲ್ಲಾ ಹಳೇ ಟ್ಯಾಕ್ಸ್ ಕಾಲದ ಕೇಸು, ಆದ್ರ ಹೆಸರು ಗುಣ ಉಪಯೋಗ ಅನ್ನೋ ಈ ಮೂರು ಮಾತೇ ಈಗಿನ ಕಾನೂನಿಗೂ ಬಂದು ಕೂತಾವು.

ಹಂಗಾರ ನಿಮ್ಮ ಮಾಲಿಗೆ ಹಚ್ಚಿ ನೋಡ್ರಿ. ಸಿರುಗುಪ್ಪ ಕಡೆಯಿಂದ ಒಣಮೆಣಸಿನಕಾಯಿ ತಂದು, ತೊಟ್ಟು ಬಿಡಿಸಿ, ಕಾಲು ಕೆಜಿ ಪ್ಯಾಕ್ ಮಾಡಿ ಮಾರಿದ್ರ ನೀವು ಪ್ಯಾಕ್ ಮಾಡಿದವರು. ಅದನ್ನೇ ಕುಟ್ಟಿಸಿ ಖಾರದಪುಡಿ ಮಾಡಿ ಮಾರಿದ್ರ ಪ್ಯಾಟ್ಯಾಗ ಅದರ ಹೆಸರೂ ಬೇರೆ, ರೇಟೂ ಬೇರೆ. ಶೇಂಗಾ ತಂದು ಆರಿಸಿ ಮಾರೋದು ವ್ಯಾಪಾರ, ಶೇಂಗಾ ಹಿಂಡಿ ಮಾಡೋದು ತಯಾರಿಕೆ. ಅಕ್ಕಿ ತಂದು ಭಟ್ಟಿಯಾಗ ಮಂಡಕ್ಕಿ ಮಾಡೋನು ತಯಾರಕ, ಆ ಮಂಡಕ್ಕಿ ಚೀಲ ತಂದು ಒಗ್ಗರಣಿ ಹಾಕಿ ಪ್ಲೇಟ್ ಮ್ಯಾಲ ಕೊಡೋನು ಹೋಟೆಲ್‌ನೋನು, ಅವನಿಗೆ ಬೇರೆ ಲೆಕ್ಕ.

ಈಗ ಜೀನ್ಸಿಗೆ ಬರೋಣ, ಬಳ್ಳಾರಿಯಾಗ ಗೊಂದಲ ಎಲ್ಲಾ ಇಲ್ಲೇ ಇರೋದು. ಒಂದು ಪ್ಯಾಂಟ್ ಎಷ್ಟು ಕೈ ದಾಟ್ತೈತಿ ನೋಡ್ರಿ, ಮಾಲಕ ಡೆನಿಮ್ ಥಾನ್ ತರಿಸ್ತಾನ, ಕಟಿಂಗ್ ಆಗ್ತೈತಿ, ಬಂಡಲ್ ಕಟ್ಟಿ ಸ್ಟಿಚಿಂಗ್‌ಗೆ ಹೋಗ್ತೈತಿ, ಅಲ್ಲಿಂದ ವಾಷಿಂಗ್, ಆಮ್ಯಾಲ ಗುಂಡಿ ರಿವೆಟ್ ಹೊಡೆದು, ದಾರ ಕತ್ತರಿಸಿ, ಇಸ್ತ್ರಿ ಮಾಡಿ ಫಿನಿಶಿಂಗ್, ಕೊನಿಗೆ ಟ್ಯಾಗ್ ಹಾಕಿ ಪ್ಯಾಕಿಂಗ್. ಇಷ್ಟೂ ಮಂದ್ಯಾಗ ತಯಾರಕ ಯಾರು? ಹೊಲಿಯೋನು ಹೇಳ್ತಾನ ನಾನಿಲ್ಲದ ಪ್ಯಾಂಟೇ ಇಲ್ಲ ಅಂತ, ಮಾತು ಖರೇನ. ಆದ್ರ ಜಿಎಸ್‌ಟಿ ಕೇಳೋ ಪ್ರಶ್ನೆ ಯಾರು ಹೊಲಿದ್ರಿ ಅನ್ನೋದಲ್ಲ, ಬಟ್ಟೆ ಯಾರದು ಅನ್ನೋದು. ರಿಜಿಸ್ಟರ್ ಆದ ಇನ್ನೊಬ್ಬರ ಮಾಲಿನ ಮ್ಯಾಲ ನೀವು ಏನೇ ಕೆಲಸ ಮಾಡಿದ್ರೂ ಅದು ಜಾಬ್ ವರ್ಕ್, ಸೆಕ್ಷನ್ 2(68) ಹೇಳೋದು ಇದನ್ನೇ. ಬೇರೆಯೋರ ಮಾಲಿನ ಮ್ಯಾಲ ಮಾಡೋ ಕೆಲಸಕ್ಕ ಕಾನೂನು ಸೇವೆ ಅಂತ ಕರೀತೈತಿ, ಅದಕ್ಕ ಬಿಲ್‌ನಾಗ ನೀವು ಪ್ಯಾಂಟಿನ ಎಚ್‌ಎಸ್‌ಎನ್ 6203 (ಮಾಲಿಗೆ ಹಾಕೋ ಕೋಡ್) ಹಾಕಂಗಿಲ್ಲ, 9988 ಅನ್ನೋ ಸರ್ವಿಸ್ ಕೋಡ್ ಹಾಕಬೇಕು. ತಮಾಷೆ ಏನಂದ್ರ ಆ 9988ರ ಹೆಸರೇ "ಬೇರೆಯವರ ಮಾಲಿನ ಮೇಲೆ ಮಾಡುವ ತಯಾರಿಕಾ ಸೇವೆ" ಅನ್ನೋ ಅರ್ಥದ್ದು, ಅಂದ್ರ ತಯಾರಿಕೆನೂ ಹೌದು ಸೇವೆನೂ ಹೌದು. ಬಿಲ್‌ನಾಗ ಪ್ಯಾಂಟಿನ ರೇಟ್ ಬರೀಬ್ಯಾಡ್ರಿ, ನಿಮ್ಮ ಹೊಲಿಗೆ ರೇಟ್ ಅಷ್ಟೇ ಬರೀರಿ, ದಾರ, ಜಿಪ್ಪು ನೀವೇ ಹಾಕಿದ್ರ ಅದನ್ನ ಸೇರಿಸಿ ಬರೀರಿ.

ಮಾಲು ಕೊಟ್ಟ ಮಾಲಕನಿಗೂ ಕೆಲಸ ಐತಿ. ಜಾಬ್ ವರ್ಕ್‌ಗೆ ಮಾಲು ಕಳಿಸುವಾಗ ಚಲನ್ ಬೇಕು, ಚಲನ್ ಮ್ಯಾಲ "ಜಾಬ್ ವರ್ಕ್‌ಗಾಗಿ, ಮಾರಾಟಕ್ಕಲ್ಲ" ಅಂತ ದಪ್ಪಗ ಬರೀರಿ. ಹೋದ ಬಟ್ಟೆ 1 ವರ್ಷದ ಒಳಗ ತಿರುಗಿ ಬರಬೇಕು ಇಲ್ಲಾ ಅಲ್ಲಿಂದಲೇ ಮಾರಾಟ ಆಗಬೇಕು, ಮಶಿನ್ ಗಿಶಿನ್ ಕಳಿಸಿದ್ರ 3 ವರ್ಷ. ಆಗಲಿಲ್ಲ ಅಂದ್ರ ಕಳಿಸಿದ ದಿನಾನೇ ಮಾರಿದ್ದು ಅಂತ ಲೆಕ್ಕ ಹಿಡೀತಾರ, ಅಷ್ಟು ಹಿಂದಿನ ದಿನದಿಂದ ಬಡ್ಡಿ ಬೀಳ್ತೈತಿ. ಈ ಲೆಕ್ಕ ಐಟಿಸಿ-04 ಫಾರ್ಮ್‌ನಾಗ ಕೊಡಬೇಕು, ವರ್ಷದ ವಹಿವಾಟು 5 ಕೋಟಿ ದಾಟಿದೋರು ಆರು ತಿಂಗಳಿಗೊಮ್ಮೆ, ಉಳಿದೋರು ವರ್ಷಕ್ಕೊಮ್ಮೆ. ನಮ್ಮ ಕಡೆ ಇನ್ನೊಂದು ಐತಿ, ಗಡಿ ಪಕ್ಕದಾಗೇ ಇರೋದರಿಂದ ಆದೋನಿ, ಗುಂತಕಲ್ ಕಡೆ ಯಾರಿಗಾದ್ರೂ ಹೊಲಿಯಾಕ ಕೊಟ್ರ ಮಾಲು ರಾಜ್ಯ ದಾಟ್ತೈತಿ, ಆವಾಗ ಮಾಲಿನ ಕಿಮ್ಮತ್ತು ಎಷ್ಟೇ ಕಮ್ಮಿ ಇರ್ಲಿ ಇ-ವೇ ಬಿಲ್ (ಮಾಲು ಸಾಗಿಸಾಕ ಜಿಎಸ್‌ಟಿ ಸೈಟ್‌ನಾಗ ತೆಗೆಯೋ ಚೀಟಿ) ಬೇಕೇ ಬೇಕು, ನಾಲ್ಕು ಬಂಡಲ್ ಅಷ್ಟೇ ಅಲ್ಲೇನ್ರಿ ಅಂತ ಆಟೋದಾಗ ಹಾಕಿ ಕಳಿಸಂಗಿಲ್ಲ.

ಈಗ ಅದೇ ಹೊಲಿಯೋನು ಉದ್ಯಮ್ ರಿಜಿಸ್ಟ್ರೇಶನ್ ಮಾಡಿಸಾಕ ಹೋದ್ರ ಕಥಿ ಉಲ್ಟಾ. ಅಲ್ಲಿ ಕೇಳೋದು ಬಟ್ಟೆ ಯಾರದು ಅಂತಲ್ಲ, ಕೆಲಸ ಏನು ಅಂತ, ಅದಕ್ಕ ಎನ್‌ಐಸಿ ಕೋಡ್ ಅಂತ ಒಂದು ಪಟ್ಟಿ ಐತಿ. ಆ ಪಟ್ಟಿ ಪ್ರಕಾರ ಕೂಲಿಗೆ ಹೊಲಿದ್ರೂ ಅದು ತಯಾರಿಕೆ, ಉಡುಪು ತಯಾರಿಕೆ ಅಂತ 14ನೇ ವಿಭಾಗದಾಗ ಬರ್ತೈತಿ, ಓಣಿ ಟೇಲರ್ ಅಳತಿ ತಗೊಂಡು ಹೊಲಿಯೋದೂ ಅದರಾಗೇ. ವಾಷಿಂಗ್ ಯೂನಿಟ್‌ನೋರು ಮಾತ್ರ 14 ಹಾಕಬ್ಯಾಡ್ರಿ, ಬಣ್ಣ ಹಾಕೋದು, ಜೀನ್ಸ್ ಬ್ಲೀಚ್ ಮಾಡೋದು 13ನೇ ವಿಭಾಗ, ಅಂದ್ರ ಜವಳಿ ತಯಾರಿಕೆ ಒಳಗ ಫಿನಿಶಿಂಗ್ ಅಂತ ಐತಿ ನೋಡ್ರಿ, ಅದು. ಹಳೇ ಪ್ಯಾಂಟ್ ರಿಪೇರಿ, ಉದ್ದ ಕಮ್ಮಿ ಮಾಡಿಕೊಡೋದು ಇದ್ಯಾವುದರಾಗೂ ಬರಲ್ಲ, ಅದು 95, ರಿಪೇರಿ ಸೇವೆ. ಮಿಲ್ಲಿನೋರು, ಮಂಡಕ್ಕಿ, ಚಟ್ನಿಪುಡಿ, ರೊಟ್ಟಿ ಕೇಂದ್ರದೋರು 10ನೇ ವಿಭಾಗ ಆಹಾರ ಪದಾರ್ಥ ತಯಾರಿಕೆಯಾಗ ಹುಡುಕ್ರಿ. ಎರಡು ಕೆಲಸ ಇದ್ರ ಎರಡೂ ಕೋಡ್ ಹಾಕಬಹುದು, ಒಂದೇ ಹಾಕಬೇಕು ಅಂತಿಲ್ಲ.

ಮೊದಲೆಲ್ಲಾ ಸಣ್ಣ ಉದ್ದಿಮೆಗಳ 2006ರ ಕಾಯ್ದೆ ಪ್ರಕಾರ ತಯಾರಿಕೆಗೆ ಒಂದು ಮಿತಿ, ಸೇವೆಗೆ ಒಂದು ಮಿತಿ ಇತ್ತು, ಅದಕ್ಕ ಮಂದಿ ತಯಾರಕ ಅಂತ ಹಾಕಿಸಾಕ ಒದ್ದಾಡ್ತಿದ್ರು. 2020ರ ಜುಲೈ 1ರಿಂದ ಎರಡಕ್ಕೂ ಒಂದೇ ಮಿತಿ. ಈಗ 2025ರ ಏಪ್ರಿಲ್ 1ರಿಂದ ಮಶಿನ್ ಗಿಶಿನ್ ಮ್ಯಾಲ ಹಾಕಿದ ಬಂಡವಾಳ 2.5 ಕೋಟಿ, ವಹಿವಾಟು 10 ಕೋಟಿ ದಾಟದ ಯೂನಿಟ್ ಮೈಕ್ರೋ, ಅಂದ್ರ ಎಲ್ಲಕ್ಕಿಂತ ಸಣ್ಣ ದರ್ಜಿ. ಹಂಗಾಗಿ ಬಳ್ಳಾರಿ ಓಣಿಯಾಗಿನ ಬಹುತೇಕ ಹೊಲಿಗೆ ಯೂನಿಟ್ ಎಲ್ಲಾ ಮೈಕ್ರೋದಾಗೇ ಬೀಳ್ತಾವ, ಸುಳ್ಳು ಬರೆಸೋ ಗರಜೇ ಇಲ್ಲ. ಮತ್ತ ಉದ್ಯಮ್ ರಿಜಿಸ್ಟ್ರೇಶನ್‌ಗೆ ಸರ್ಕಾರಕ್ಕ ಒಂದು ರೂಪಾಯಿನೂ ಫೀಸ್ ಇಲ್ಲ, ಸರ್ಕಾರದ ವೆಬ್‌ಸೈಟ್ ಹಂಗೇ ಕಾಣೋ ಬ್ಯಾರೆ ಸೈಟ್‌ನೋರು ಫೀಸ್ ಕೇಳಿದ್ರ ಬಿಟ್ಟು ಎದ್ದು ಬರ್ರಿ.

ಮೂರನೇ ಅರ್ಥ ಕಾರ್ಖಾನೆ ಕಾನೂನಿಂದು, ಅದು ಬಹಳ ಅಗಲ. 2025ರ ನವೆಂಬರ್ ತನಕ ಇದ್ದ 1948ರ ಕಾರ್ಖಾನೆ ಕಾಯ್ದೆಯಾಗನೂ, ಈಗ ಅದರ ಜಾಗಕ್ಕ ಬಂದ 2020ರ ಕಾರ್ಮಿಕ ಸುರಕ್ಷತಾ ಸಂಹಿತೆಯಾಗನೂ ತಯಾರಿಕಾ ಪ್ರಕ್ರಿಯೆ ಅಂದ್ರ ಮಾಡೋದು, ಬದಲಿಸೋದು, ರಿಪೇರಿ, ಅಲಂಕಾರ, ಫಿನಿಶಿಂಗ್, ಪ್ಯಾಕಿಂಗ್, ತೊಳೆಯೋದು, ಒಡೆಯೋದು ಎಲ್ಲಾ ಬರ್ತೈತಿ, ಕರೆಂಟ್ ಹುಟ್ಟಿಸೋದೂ ಬರ್ತೈತಿ. ಅಲ್ಲಿ ಹೊಸ ವಸ್ತು ಹುಟ್ಟಿತೋ ಇಲ್ಲೋ ಯಾರೂ ಕೇಳಲ್ಲ, ಕೆಲಸಗಾರರ ಕೈ ಕಾಲು ಸುರಕ್ಷಿತ ಇರಬೇಕು ಅನ್ನೋದು ಆ ಕಾನೂನಿನ ಗರಜು. ಅದಕ್ಕ "ನಾವು ಬರೀ ತೊಳಿಯೋರು, ನಮಗ್ಯಾಕ ಕಾರ್ಖಾನೆ ಕಾನೂನು" ಅಂತ ವಾಷಿಂಗ್‌ನೋರು ವಾದ ಮಾಡಿದ್ರ ನಡಿಯಲ್ಲ.

ಲೇಬಲ್ಲು. ಇಲ್ಲಿ ಸ್ವಲ್ಪ ನಿಧಾನ ಓದ್ರಿ, ಸ್ವಸಹಾಯ ಸಂಘದೋರು ವಿಶೇಷವಾಗಿ. ಪ್ಯಾಕ್ ಮಾಡಿ ಮಾರೋ ಮಾಲಿಗೆ 2011ರ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಐತಿ, ತೂಕ ಅಳತಿ ಇಲಾಖೆ ನೋಡ್ಕೊಳ್ತೈತಿ. ತಯಾರಕರ ಹೆಸರು, ಪೂರ್ತಿ ವಿಳಾಸ, ತಯಾರಕರು ಬೇರೆ ಪ್ಯಾಕ್ ಮಾಡಿದವರು ಬೇರೆ ಇದ್ರ ಇಬ್ಬರದೂ, ಮಾಲಿನ ಹೆಸರು, ನಿವ್ವಳ ತೂಕ, ತಯಾರಿಸಿದ ತಿಂಗಳು ವರ್ಷ, ಎಲ್ಲಾ ತೆರಿಗೆ ಸೇರಿ ಎಂಆರ್‌ಪಿ, ದೂರು ಹೇಳಾಕ ಫೋನ್ ನಂಬರ್, ಇಷ್ಟಂತೂ ಇರಬೇಕು. ತಿನ್ನೋ ಪದಾರ್ಥ ಆದ್ರ ಮ್ಯಾಲ ಎಫ್‌ಎಸ್‌ಎಸ್‌ಎಐ (ಆಹಾರ ಸುರಕ್ಷತಾ ಪ್ರಾಧಿಕಾರ) ಕೊಟ್ಟ 14 ಅಂಕಿ ನಂಬರ್, ಪದಾರ್ಥಗಳ ಪಟ್ಟಿ, ಎಲ್ಲಿ ತನಕ ತಿನ್ನಬಹುದು ಅನ್ನೋ ದಿನಾಂಕ. ಊರಿನ ನಾಲ್ಕು ಮನಿಯಾಗ ರೊಟ್ಟಿ ಬಡಿಸಿ, ನಿಮ್ಮ ಬ್ರ್ಯಾಂಡ್ ಹೆಸರಿನಾಗ ಮಾರ್ತೀರಿ ಅಂದ್ರ ನೀವು "ಮಾರಾಟಗಾರರು", ರೊಟ್ಟಿ ಬಡಿದೋರು "ತಯಾರಕರು", ಇಬ್ಬರ ವಿಳಾಸನೂ ಇರ್ಲಿ. ನಿಮ್ಮದೊಂದೇ ಹೆಸರು ಹಾಕಿ ತಯಾರಕರು ಅಂತ ಬರ್ಕೊಂಡ್ರ ರೊಟ್ಟಿಯಾಗ ಏನಾದ್ರೂ ಸಿಕ್ಕ ದಿನ ಹೊಣಿ ಪೂರಾ ನಿಮ್ಮದು, ಮತ್ತ ಬಡಿದ ಆ ಅಕ್ಕೋರ ಹೆಸರು ಎಲ್ಲೂ ಇಲ್ಲದಂಗ ಆಗ್ತೈತಿ, ಅದು ನನಗ ಸರಿ ಅನಸಲ್ಲ.

ಭಾಷೆ ವಿಷಯ. ಈ ಪ್ಯಾಕೇಜ್ಡ್ ಕಮಾಡಿಟೀಸ್ ರೂಲ್ಸ್ ಪ್ರಕಾರ ಕಡ್ಡಾಯ ವಿವರ ಇಂಗ್ಲಿಷ್‌ನಾಗ ಇಲ್ಲಾ ದೇವನಾಗರಿ ಹಿಂದಿಯಾಗ ಇರಬೇಕು, ಬರೀ ಕನ್ನಡದಾಗ ಬರೆದ ಲೇಬಲ್ ನಡಿಯಲ್ಲ, ಬೇಸರ ಆಗ್ತೈತಿ ಆದ್ರ ಹಂಗೈತಿ. ಜೊತಿಗೆ ಕನ್ನಡ ಹಾಕಾಕ ಅಡ್ಡಿ ಏನಿಲ್ಲ, ಅಡ್ಡಿ ಅಂತೇನ್ರಿ, ನಮ್ಮ ರಾಜ್ಯದ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಅಧಿನಿಯಮ ಇಲ್ಲೇ ತಯಾರಾಗಿ ಇಲ್ಲೇ ಮಾರೋ ಮಾಲಿನ ಹೆಸರು, ಬಳಸೋ ವಿಧಾನ ಕನ್ನಡದಾಗೂ ಇರಬೇಕು ಅಂತೈತಿ. ಬೋರ್ಡಿಗೂ 60 ಪರ್ಸೆಂಟ್ ಕನ್ನಡ, ಅದೂ ಮ್ಯಾಲಿನ ಅರ್ಧದಾಗ. ಬೋರ್ಡ್ ಮ್ಯಾಲ "ಮ್ಯಾನುಫ್ಯಾಕ್ಚರರ್ಸ್ ಅಂಡ್ ಸಪ್ಲೈಯರ್ಸ್" ಅಂತ ಕನ್ನಡ ಅಕ್ಷರದಾಗ ಬರೆಸಿ ಕನ್ನಡ ಆಯ್ತು ಅನ್ನೋದಕ್ಕಿಂತ "ತಯಾರಕರು ಮತ್ತು ಮಾರಾಟಗಾರರು" ಚಂದ, ಜಾಗನೂ ಕಮ್ಮಿ ಹಿಡೀತೈತಿ. ಜಾಬ್ ವರ್ಕ್ ಮಾಡೋರು "ಜೀನ್ಸ್ ಹೊಲಿಗೆ ಘಟಕ" ಅಂತ ಬರೆಸ್ರಿ, ನಿಮ್ಮ ಹತ್ರ ಮಾಲು ಕೊಡಾಕ ಬರೋ ಪಾರ್ಟಿಗೆ ಬೇಕಾಗಿರೋದೂ ಅದೇ.

ರಾಯಚೂರು ಕಡೆ ಶಕ್ತಿನಗರದ ಹಾರುಬೂದಿ ತಗೊಂಡು ಇಟ್ಟಂಗಿ ಮಾಡೋರಿಗೆ ಒಂದು ಮಾತು. ಜಿಎಸ್‌ಟಿಯಾಗ ಕಾಂಪೊಸಿಶನ್ ಸ್ಕೀಮ್ ಅಂತ ಐತಲ್ಲ, ವಹಿವಾಟಿನ ಮ್ಯಾಲ 1 ಪರ್ಸೆಂಟ್ ಕಟ್ಟಿ ಆರಾಮ ಇರೋದು, ಅದು 2022ರ ಏಪ್ರಿಲ್‌ನಿಂದ ಹಾರುಬೂದಿ ಇಟ್ಟಂಗಿ, ಮಣ್ಣಿನ ಇಟ್ಟಂಗಿ, ಹೆಂಚು ತಯಾರಕರಿಗೆ ಸಿಗಲ್ಲ. ಅದೇ ಇಟ್ಟಂಗಿ ಕೊಂಡು ಮಾರೋನಿಗೆ ಈ ತಡೆ ಇಲ್ಲ. ಇಲ್ಲಿ ತಯಾರಕ ಅನ್ನೋ ಒಂದು ಮಾತಿಗೇ ರೊಕ್ಕದ ಫರಕು ಬೀಳ್ತೈತಿ, ಹಂಗಂತ ಇಟ್ಟಂಗಿ ಮಶಿನ್ ಇಟ್ಕೊಂಡು ವ್ಯಾಪಾರಿ ಅಂತ ಬರೆಸಬ್ಯಾಡ್ರಿ, ಬೂದಿ ಕೊಂಡ ಬಿಲ್ಲೇ ಸಾಕ್ಷಿ ಹೇಳ್ತೈತಿ.

ಕಿನ್ನಾಳ ಗೊಂಬಿ ಮಾಡೋ ಚಿತ್ರಗಾರರಿಗೆ ಈ ಫಾರ್ಮಿನ ಮಾತೆಲ್ಲಾ ಸ್ವಲ್ಪ ಇಕ್ಕಟ್ಟು. ಹಗುರ ಕಟ್ಟಿಗಿ ಕೆತ್ತಿ, ಹುಣಸಿ ಬೀಜದ ಅಂಟು ಹಚ್ಚಿ, ಬಣ್ಣ ಬರೆದು ಒಂದೊಂದನ್ನ ಕೈಯಾಗ ಹುಟ್ಟಿಸ್ತಾರ, ಉದ್ಯಮ್‌ನಾಗ ಅದೂ 32ನೇ ವಿಭಾಗದಾಗ ಆಟಿಕೆ ತಯಾರಿಕೆನೇ, ಭಾನಾಪುರದ ಆಟಿಕೆ ಕ್ಲಸ್ಟರ್‌ನಾಗ ಮಶಿನ್‌ನಿಂದ ಬರೋ ಪ್ಲಾಸ್ಟಿಕ್ ಆಟಿಕೆಗೂ ಅದೇ. ಫಾರ್ಮ್‌ನಾಗ ಹಂಗೇ ಇರ್ಲಿ, ಲೇಬಲ್ ಮ್ಯಾಲ ಮಾತ್ರ ತಯಾರಕರು ಅನ್ನೋದರ ಕೆಳಗ "ಕೈಯಿಂದ ಮಾಡಿದ್ದು, ಕಿನ್ನಾಳ, ಕೊಪ್ಪಳ ಜಿಲ್ಲೆ" ಅಂತ ಒಂದು ಸಾಲು ಸೇರಿಸ್ರಿ. ಈ ಗೊಂಬಿಗೆ ಜಿಐ ಟ್ಯಾಗ್, ಅಂದ್ರ ಇದು ಇಂಥ ಊರಿನದೇ ಅನ್ನೋ ಕಾನೂನಿನ ಗುರುತು ಐತಿ, ಅಧಿಕೃತ ಬಳಕೆದಾರರು ಅಂತ ಹೆಸರು ನೋಂದಾಯಿಸಿಕೊಂಡೋರು ಆ ಗುರುತನ್ನೂ ಹಾಕಬಹುದು. ಬ್ಯಾರೆ ಊರಾಗ ಅಚ್ಚು ಹಾಕಿ ಮಾಡಿದೋರು ಎಷ್ಟೇ ಚಂದ ಮಾಡ್ಲಿ, ತಯಾರಕರು ಅಂತ ಬರ್ಕೊಳ್ಳಿ, ಕಿನ್ನಾಳ ಅಂತ ಬರೀಯಂಗಿಲ್ಲ.